ಯುದ್ಧ ಮುಗಿದ ಮೇಲೆ ಕುದುರೆಗಳು ಏನಾದವು? – ಡೊರೊತಿ ಬ್ರೂಕ್ ಅವರ ಜೀವನ

ಒಂದು ಪ್ರಾಜೆಕ್ಟ್ ಮುಗಿದ ಮೇಲೆ ಉಳಿದ ಸಾಮಾನನ್ನು ನಾವು ಏನು ಮಾಡ್ತೀವಿ? ಬೋರ್ಡ್‌ಗಳನ್ನು ಲ್ಯಾಬ್‌ಗೆ ವಾಪಸ್ ಕೊಡ್ತೀವಿ, ವೈರುಗಳನ್ನು ಡಬ್ಬಕ್ಕೆ ತುರುಕ್ತೀವಿ, ಸುಟ್ಟುಹೋದ ಮೋಟರನ್ನು ಗುಜರಿಗೆ ಹಾಕ್ತೀವಿ. ದೊಡ್ಡ ಕಂಪನಿಗಳು ಇದನ್ನೇ ಸರ್‌ಪ್ಲಸ್ ಅಂತ ಕರೆದು ಹರಾಜು ಹಾಕುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಮೋಟರಿಗೆ ನೋವಾಗಲ್ಲ.

1918ರಲ್ಲಿ ಮೊದಲನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆಯ ಮುಂದೆಯೂ ಇದೇ ಪ್ರಶ್ನೆ ಇತ್ತು. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕಡೆ ಉಳಿದುಕೊಂಡಿದ್ದ ಟೆಂಟು, ಗಾಡಿ, ತೋಪುಗಳ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇತ್ತು: ಕುದುರೆಗಳು. ಅವೂ ಸರ್‌ಪ್ಲಸ್ ಲೆಕ್ಕಕ್ಕೆ ಸೇರಿದವು. ಕೆಲವನ್ನು ಗುಂಡಿಟ್ಟು ಕೊಂದರು, ಕೆಲವನ್ನು ಬೇರೆ ಪಡೆಗಳಿಗೆ ಕೊಟ್ಟರು, ಸಾವಿರಾರು ಕುದುರೆಗಳನ್ನು ಅಲ್ಲೇ ಊರಿನವರಿಗೆ ಮಾರಿದರು. ಫೈಲ್ ಕ್ಲೋಸ್ ಆಯ್ತು.

ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ. ಫೈಲ್ ಮುಚ್ಚಿದ ಮೇಲೂ ಅವು ಕೈರೋದ ಬೀದಿಗಳಲ್ಲಿ ಬದುಕಿದ್ದವು, ದುಡಿಯುತ್ತಿದ್ದವು. ಹನ್ನೆರಡು ವರ್ಷ ಆದ ಮೇಲೆ ಒಬ್ಬ ಹೆಂಗಸು ಆ ಫೈಲನ್ನು ಮತ್ತೆ ತೆರೆದರು. ಅವರ ಹೆಸರು ಡೊರೊತಿ ಬ್ರೂಕ್. ಇದು ಅವರ ಕಥೆ. ಜೊತೆಗೆ, ಯಾರೋ ಕಳಿಸಿದ ದಾನದ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅನ್ನೋ ಕಷ್ಟದ ಲೆಕ್ಕದ ಕಥೆ ಕೂಡ.

ಮರಳಿನ ಮೇಲೆ ನಡೆದ ಯುದ್ಧ

ಮೊದಲನೇ ಮಹಾಯುದ್ಧ ಅಂದ ಕೂಡಲೇ ನಮಗೆ ಫ್ರಾನ್ಸಿನ ಕಂದಕಗಳು, ಟ್ಯಾಂಕುಗಳು, ವಿಷಾನಿಲ ನೆನಪಾಗುತ್ತವೆ. ಸಿನಾಯ್ ಮತ್ತು ಪ್ಯಾಲೆಸ್ಟೈನ್‌ನಲ್ಲಿ ನಡೆದದ್ದು ಬೇರೆ ಥರದ ಯುದ್ಧ. ಅಲ್ಲಿ ದೂರ ಜಾಸ್ತಿ, ರಸ್ತೆ ಕಡಿಮೆ. ಆ ಕಾಲದ ಮೋಟಾರು ವಾಹನಗಳ ಚಕ್ರ ಮರಳಿನಲ್ಲಿ ಹೂತುಹೋಗುತ್ತಿತ್ತು. ಹಾಗಾಗಿ ಸೈನಿಕರನ್ನು ಹೊರುವುದಕ್ಕೆ, ತೋಪು ಎಳೆಯುವುದಕ್ಕೆ, ಸಾಮಾನು ಸಾಗಿಸುವುದಕ್ಕೆ ಕುದುರೆ, ಹೇಸರಗತ್ತೆ, ಒಂಟೆಗಳೇ ಗತಿ. 1917ರ ಅಕ್ಟೋಬರ್ 31ರಂದು ಬೀರ್‌ಶೀಬಾ ಪಟ್ಟಣವನ್ನು ಗೆದ್ದ ಆಸ್ಟ್ರೇಲಿಯಾದ ಅಶ್ವದಳದ ಎಷ್ಟೋ ಕುದುರೆಗಳು ಒಂದು ದಿನಕ್ಕೂ ಹೆಚ್ಚು ಹೊತ್ತು ನೀರಿಲ್ಲದೆ ಓಡಿದ್ದವು. ಆ ದಾಳಿಯ ಒಂದು ಮುಖ್ಯ ಉದ್ದೇಶವೇ ಊರಿನ ಬಾವಿಗಳನ್ನು ಹಿಡಿಯೋದಾಗಿತ್ತು.

ಈ ಯುದ್ಧಕ್ಕೂ ನಮ್ಮ ಊರಿಗೂ ಒಂದು ನಿಜವಾದ ನಂಟು ಇದೆ. ಇದೇ ಸೇನೆಯ ಭಾಗವಾಗಿ ಮೈಸೂರು ಸಂಸ್ಥಾನದ ಅಶ್ವದಳ, ಅಂದ್ರೆ ಮೈಸೂರು ಲ್ಯಾನ್ಸರ್ಸ್, ಈಜಿಪ್ಟಿಗೆ ಹೋಗಿತ್ತು. ಸೂಯೆಜ್ ಕಾಲುವೆಯ ಕಾವಲಿನಲ್ಲಿ ಅವರಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಾಗ ಜೋಧ್‌ಪುರದ ದಳದ ಜೊತೆ ಮೈಸೂರಿನವರೂ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳನ್ನು ಹಿಡಿಯಲು ಬೆಟ್ಟ ಹತ್ತಿದವರು ಮೈಸೂರು ಸವಾರರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಆ ಕಡೆ ಹೋದರೆ ಒಂದು ಸಲ ನಿಂತು ನೋಡಿ.

ಸವಾರರಿಗೆ ಸ್ಮಾರಕ ಸಿಕ್ಕಿತು. ಕುದುರೆಗಳ ಲೆಕ್ಕ ಬೇರೆ. ಆಸ್ಟ್ರೇಲಿಯಾ ಒಂದರಿಂದಲೇ ಸುಮಾರು 1,36,000 ಕುದುರೆಗಳು ಆ ಯುದ್ಧಕ್ಕಾಗಿ ಹಡಗು ಹತ್ತಿದವು. ಇವಕ್ಕೆ ವೇಲರ್ ಅಂತ ಹೆಸರು, ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಿಂದ ಬಂದ ಹೆಸರು ಅದು. ಅಷ್ಟರಲ್ಲಿ ಮನೆಗೆ ವಾಪಸ್ ಹೋಗಿದ್ದು ಒಂದೇ ಒಂದು ಕುದುರೆ. ಅದರ ಹೆಸರು ಸ್ಯಾಂಡಿ. ಗಲ್ಲಿಪೊಲಿಯಲ್ಲಿ ಗಾಯಗೊಂಡು ಸತ್ತ ಜನರಲ್ ಬ್ರಿಜಸ್ ಅವರ ಕುದುರೆ ಅದು ಅನ್ನೋ ಕಾರಣಕ್ಕೆ ಅದಕ್ಕೊಂದು ವಿನಾಯಿತಿ.

ಉಳಿದವು ಯಾಕೆ ಹೋಗಲಿಲ್ಲ? ಹಡಗಿನಲ್ಲಿ ಜಾಗ ಇಲ್ಲ, ಖರ್ಚು ವಿಪರೀತ, ಜೊತೆಗೆ ರೋಗ ಹರಡೀತು ಅನ್ನೋ ಕ್ವಾರಂಟೈನ್ ನಿಯಮ. ಒಂದೊಂದು ಕಾರಣವನ್ನೂ ಬಿಡಿಬಿಡಿಯಾಗಿ ನೋಡಿದರೆ ಸರಿಯೇ ಅನ್ಸುತ್ತೆ. ಎಲ್ಲ ಸೇರಿದಾಗ ಬಂದ ಫಲಿತಾಂಶ ಮಾತ್ರ ಯಾರಿಗೂ ಹೆಮ್ಮೆ ತರುವಂಥದ್ದಾಗಿರಲಿಲ್ಲ. ತಮ್ಮ ಕುದುರೆ ಯಾರದೋ ಗಾಡಿಗೆ ಬೀಳೋದಕ್ಕಿಂತ ಗುಂಡಿಗೆ ಸಾಯೋದೇ ವಾಸಿ ಅಂದುಕೊಂಡ ಸೈನಿಕರೂ ಇದ್ದರು. ಅವರ ಹೆದರಿಕೆ ಸುಳ್ಳಾಗಲಿಲ್ಲ.

ಡೊರೊತಿ ಯಾರು?

ಡೊರೊತಿ ಹುಟ್ಟಿದ್ದು 1883ರಲ್ಲಿ, ಸ್ಕಾಟ್ಲೆಂಡಿನ ಗಿಬ್ಸನ್-ಕ್ರೇಗ್ ಎಂಬ ಸ್ಥಿತಿವಂತರ ಮನೆತನದಲ್ಲಿ. ಆ ಕಾಲದ ಅಂಥ ಮನೆಗಳಲ್ಲಿ ನಾಯಿ, ಕುದುರೆಗಳ ಜೊತೆ ಬೆಳೆಯೋದು ಸಾಮಾನ್ಯ. 1905ರಲ್ಲಿ ಜೇಮ್ಸ್ ಸಿಯರೈಟ್ ಎಂಬುವರ ಜೊತೆ ಮದುವೆಯಾಗಿ ಮೂರು ಮಕ್ಕಳಾದವು. ಆ ಮದುವೆ ಉಳಿಯಲಿಲ್ಲ, ವಿಚ್ಛೇದನವಾಯಿತು. ಅಂದಿನ ಇಂಗ್ಲಿಷ್ ಸಮಾಜದಲ್ಲಿ ವಿಚ್ಛೇದನ ಪಡೆದ ಹೆಂಗಸಿಗೆ ಎಂಥ ಮಾತುಗಳು ಕೇಳಬೇಕಾಗಿತ್ತು ಅಂತ ನಾವು ಊಹಿಸಬಹುದು. 1926ರಲ್ಲಿ ಅವರು ಜೆಫ್ರಿ ಬ್ರೂಕ್ ಎಂಬ ಸೇನಾಧಿಕಾರಿಯನ್ನು ಮದುವೆಯಾದರು. ಜೆಫ್ರಿ ಅಶ್ವದಳದವರು, ಕುದುರೆ ಸವಾರಿಯ ಮೇಲೆ ಪುಸ್ತಕ ಬರೆದವರು, 1924ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ಸವಾರಿ ಮಾಡಿದವರು.

1930ರಲ್ಲಿ ಜೆಫ್ರಿಗೆ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಅಶ್ವದಳದ ಮುಖ್ಯಸ್ಥರಾಗಿ ಪೋಸ್ಟಿಂಗ್ ಆಯ್ತು. ಜೊತೆಗೆ ಡೊರೊತಿಯೂ ಕೈರೋಗೆ ಬಂದರು. ಆಗ ಅವರ ವಯಸ್ಸು 47. ಬ್ರಿಗೇಡಿಯರ್ ಹೆಂಡತಿ ಅಂದ್ರೆ ಆ ಕಾಲಕ್ಕೆ ಆರಾಮದ ಬದುಕು. ಟೀ ಪಾರ್ಟಿ, ಕ್ಲಬ್ಬು, ಪೋಲೋ ಮ್ಯಾಚು. ಪಿರಮಿಡ್ ನೋಡ್ಕೊಂಡು ನಾಲ್ಕು ವರ್ಷ ಕಳೆದು ವಾಪಸ್ ಹೋಗಿದ್ದರೆ ಯಾರೂ ಏನೂ ಅಂತಿರಲಿಲ್ಲ, ನಾವೂ ಅವರ ಬಗ್ಗೆ ಇವತ್ತು ಓದ್ತಿರಲಿಲ್ಲ.

ಈಜಿಪ್ಟಿಗೆ ಬರೋ ಮುಂಚೆಯೇ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಯುದ್ಧದ ನಂತರ ಇಲ್ಲಿ ಮಾರಿದ ಆ ಕುದುರೆಗಳು ಏನಾದವು? ಕೇಳಿದವರೆಲ್ಲ ಅವು ಯಾವತ್ತೋ ಸತ್ತಿರಬೇಕು ಅನ್ನೋ ಥರ ಮಾತಾಡಿದರು. ಡೊರೊತಿ ಅಷ್ಟಕ್ಕೆ ಬಿಡದೆ ಬೀದಿಗಿಳಿದು ಹುಡುಕಲು ಶುರು ಮಾಡಿದರು.

ಓಲ್ಡ್ ಬಿಲ್

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಸೇನೆಯ ಕೆಲಸಕ್ಕೆ ಪೂರ್ತಿ ಬೆಳೆದ ಕುದುರೆಯೇ ಬೇಕು. ಯುದ್ಧ ಮುಗಿದಾಗ ಒಂದು ಕುದುರೆಗೆ ತೀರಾ ಕಡಿಮೆ ಅಂದರೂ ಆರು ವರ್ಷ ಅಂದುಕೊಳ್ಳಿ. 1930ಕ್ಕೆ ಅದಕ್ಕೆ 18. ಹೆಚ್ಚಿನವು ಅದಕ್ಕಿಂತ ದೊಡ್ಡವು, 20 ದಾಟಿದವು. ಮನುಷ್ಯರ ಲೆಕ್ಕದಲ್ಲಿ ಹೇಳಬೇಕಂದ್ರೆ ನಮ್ಮ ಅಜ್ಜ ಅಜ್ಜಿಯ ವಯಸ್ಸು. ಆ ವಯಸ್ಸಿನಲ್ಲಿ ಬಿಸಿಲಲ್ಲಿ ಕಲ್ಲು ತುಂಬಿದ ಗಾಡಿ ಎಳೆಯೋ ಕೆಲಸ.

ಕೈರೋದ ಪ್ರಾಣಿದಯಾ ಸಂಘದ ಲಾಯದಲ್ಲಿ ಡೊರೊತಿ ಅಂಥ ಒಂದು ಕುದುರೆಯನ್ನು ಕಂಡರು. ಮೂಳೆಗಳ ಮೇಲೆ ಚರ್ಮ ಹೊದಿಸಿದ ಹಾಗಿತ್ತು. ಒಂದು ಕಾಲದಲ್ಲಿ ಒಳ್ಳೆಯ ಜಾತಿಯ, ಎತ್ತರದ, ಅಂದವಾದ ಕುದುರೆ ಅದು ಅಂತ ಅದರ ಮೈಕಟ್ಟು ನೋಡಿಯೇ ಅವರಿಗೆ ಗೊತ್ತಾಯ್ತು. ಬ್ರಿಟಿಷ್ ಸೇನೆಯ ಸ್ವತ್ತಿನ ಮೇಲೆಲ್ಲ ಬಾಣದ ಆಕಾರದ ಒಂದು ಗುರುತು ಇರುತ್ತಿತ್ತು. ಕುದುರೆಗಳ ಚರ್ಮದ ಮೇಲೂ ಅದನ್ನೇ ಕಾಯಿಸಿ ಒತ್ತುತ್ತಿದ್ದರು. ಮುಂದೆ ಬೀದಿಯಲ್ಲಿ ಯುದ್ಧದ ಕುದುರೆಗಳನ್ನು ಪತ್ತೆ ಹಚ್ಚೋದಕ್ಕೆ ಈ ಗುರುತೇ ದಾರಿ ತೋರಿಸಿತು.

ಆ ಕುದುರೆಗೆ ಅವರು ಓಲ್ಡ್ ಬಿಲ್ ಅಂತ ಹೆಸರಿಟ್ಟರು. ಮಾಲೀಕನ ಹತ್ತಿರ ಮಾತಾಡಿ ಅದನ್ನು ಕೊಂಡರು. ಅದರ ಸ್ಥಿತಿ ನೋಡಿದರೆ ಗುಣವಾಗುವ ಮಾತೇ ಇರಲಿಲ್ಲ. ಕೆಲವು ದಿನ ವಿಶ್ರಾಂತಿ, ಹೊಟ್ಟೆ ತುಂಬ ಮೇವು, ಆಮೇಲೆ ನೋವಿಲ್ಲದ ಸಾವು. ಅವರು ಕೊಡಲು ಸಾಧ್ಯವಿದ್ದದ್ದು ಅಷ್ಟೇ.

ಓಲ್ಡ್ ಬಿಲ್ ಒಂದೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಡುಕಿದಷ್ಟೂ ಇನ್ನಷ್ಟು ಸಿಕ್ಕವು. ಗಾಡಿಗಳಲ್ಲಿ, ಕಲ್ಲಿನ ಕ್ವಾರಿಗಳಲ್ಲಿ, ಊರಾಚೆಯ ಗುಡಿಸಲುಗಳ ಪಕ್ಕದಲ್ಲಿ. ಎಷ್ಟೋ ಕುದುರೆಗಳಿಗೆ ಕಣ್ಣು ಹೋಗಿತ್ತು. ಕುಂಟದೇ ಇದ್ದ ಕುದುರೆ ಅಪರೂಪ. ಒಬ್ಬರ ಕೈಯಿಂದ ಆಗೋ ಕೆಲಸ ಇದಲ್ಲ, ಒಂದು ಮನೆಯ ದುಡ್ಡಿಂದಲೂ ಆಗೋದಲ್ಲ ಅಂತ ಡೊರೊತಿಗೆ ಅರ್ಥವಾಯ್ತು.

ಒಂದು ಪತ್ರ

1931ರ ಏಪ್ರಿಲ್ 16ರಂದು ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಡೊರೊತಿ ಬರೆದ ಪತ್ರ ಅಚ್ಚಾಯ್ತು. ಈ ಪತ್ರಿಕೆ ಮುಂದೆ ಡೈಲಿ ಟೆಲಿಗ್ರಾಫ್ ಜೊತೆ ಸೇರಿಹೋಯಿತು. ಯುದ್ಧದಲ್ಲಿ ದುಡಿದ ಕುದುರೆಗಳು ಈಜಿಪ್ಟಿನಲ್ಲಿ ಇನ್ನೂ ಬದುಕಿವೆ, ಅವುಗಳ ಸ್ಥಿತಿ ಹೀಗಿದೆ, ಅವನ್ನು ಕೊಳ್ಳಲು ದುಡ್ಡು ಬೇಕು ಅಂತ ಆ ಪತ್ರದಲ್ಲಿ ಬರೆದಿದ್ದರು.

ಅವರು ಏನು ಕೇಳಿದರು ಅನ್ನೋದನ್ನು ಸ್ವಲ್ಪ ಗಮನಿಸಿ. ಇವತ್ತು ನಮ್ಮ ಫೋನಿಗೆ ಬರೋ ದಾನದ ಮೆಸೇಜುಗಳಲ್ಲಿ ಸಾಮಾನ್ಯವಾಗಿ ಒಂದು ಸಂತೋಷದ ಕೊನೆ ಇರುತ್ತೆ. ನೀವು ಕೊಟ್ಟರೆ ಈ ಜೀವ ಉಳಿಯುತ್ತೆ ಅಂತ. ಡೊರೊತಿ ಅಂಥ ಆಸೆ ತೋರಿಸಲಿಲ್ಲ. ಈ ಕುದುರೆಗಳಲ್ಲಿ ಬಹುಪಾಲು ಉಳಿಯುವ ಸ್ಥಿತಿಯಲ್ಲಿಲ್ಲ, ನಿಮ್ಮ ದುಡ್ಡಿನಿಂದ ಅವಕ್ಕೆ ನೆಮ್ಮದಿಯ ಸಾವು ಕೊಡಿಸಬಹುದು ಅಂತ ನೇರವಾಗಿ ಹೇಳಿದರು. ದಾನ ಕೇಳೋರು ಇಷ್ಟು ಪ್ರಾಮಾಣಿಕವಾಗಿ ಕೇಳಿದರೆ ಯಾರಾದರೂ ಕೊಡ್ತಾರಾ?

ಕೊಟ್ಟರು. ಪತ್ರ ಓದಿದ ಜನ ಹಣ ಕಳಿಸತೊಡಗಿದರು. ಯುದ್ಧ ಮುಗಿದು ಹದಿಮೂರು ವರ್ಷವೂ ಆಗಿರಲಿಲ್ಲ. ಆ ಯುದ್ಧದಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಗಳು ಬ್ರಿಟನ್ನಿನ ಬೀದಿಬೀದಿಯಲ್ಲೂ ಇದ್ದವು. ಆ ಮನೆಗಳಿಗೆ ಈ ಕುದುರೆಗಳು ಬರೀ ಪ್ರಾಣಿಗಳಾಗಿ ಕಂಡಿರಲಿಕ್ಕಿಲ್ಲ. ಹಾಗೆ ಹಳೆಯ ಯುದ್ಧಕುದುರೆಗಳ ನಿಧಿ ಹುಟ್ಟಿತು. ಕೈರೋದಲ್ಲಿ ಒಂದು ಸಮಿತಿ ಆಯ್ತು.

ಖರೀದಿ ಅನ್ನೋ ಕಷ್ಟ

ದುಡ್ಡು ಬಂತು ಅಂದ ತಕ್ಷಣ ಕೆಲಸ ಸುಲಭ ಆಗಲಿಲ್ಲ. ಅಸಲಿ ಕಷ್ಟ ಇಲ್ಲಿಂದ ಶುರು. ಎದುರಿಗೆ ಒಂದು ಸೊರಗಿದ ಕುದುರೆ ನಿಂತಿದೆ, ಅದರ ಪಕ್ಕದಲ್ಲಿ ಅದರ ಮಾಲೀಕ. ಅವನ ಮೇಲೆ ಕೋಪ ಬರೋದು ಸಹಜ. ಅವನನ್ನು ಸರಿಯಾಗಿ ನೋಡಿದರೆ ಅವನೂ ಅರೆಹೊಟ್ಟೆಯಲ್ಲಿರುವ ಮನುಷ್ಯ. ಆ ಕುದುರೆಯ ದುಡಿಮೆಯಿಂದ ಅವನ ಮನೆಯ ಒಲೆ ಉರಿಯಬೇಕು. ಕುದುರೆಗೆ ಒಂದು ದಿನ ರಜ ಕೊಟ್ಟರೆ ಅವತ್ತು ಮಕ್ಕಳಿಗೆ ಊಟ ಇಲ್ಲ. ಕುದುರೆಯನ್ನು ಸುಮ್ಮನೆ ಕಿತ್ಕೊಂಡರೆ ಆ ಮನೆ ಮುಳುಗುತ್ತೆ. ಹಾಗಾಗಿ ಸಮಿತಿ ಕುದುರೆಗಳಿಗೆ ಬೆಲೆ ಕೊಟ್ಟು ಕೊಂಡಿತು.

ಆ ಕುದುರೆಯನ್ನು ಅವನಿಗೆ ಮಾರಿದ್ದು ಯಾರು ಅನ್ನೋದನ್ನೂ ಮರೀಬಾರದು. 1922ರಲ್ಲಿ ಈಜಿಪ್ಟ್ ಹೆಸರಿಗೆ ಸ್ವತಂತ್ರವಾಗಿತ್ತು, ಬ್ರಿಟಿಷ್ ಸೇನೆ ಮಾತ್ರ ಅಲ್ಲೇ ಬೀಡುಬಿಟ್ಟಿತ್ತು. ಬ್ರಿಗೇಡಿಯರ್ ಹೆಂಡತಿಯೊಬ್ಬಳು ಬಂದು ಬಡ ಗಾಡಿಯವರನ್ನು ಕ್ರೂರಿಗಳು ಅಂತ ಬೈದು ಹೋಗಿದ್ದರೆ ಅದು ಬರೀ ದೊಡ್ಡಸ್ತಿಕೆ ಆಗ್ತಿತ್ತು. ಡೊರೊತಿ ತಮ್ಮ ದೇಶದ ಜನರ ಮುಂದೆ ಇಟ್ಟ ವಾದ ಬೇರೆ: ಇದು ನಾವು ಮಾಡಿದ ಸಾಲ, ನಾವೇ ತೀರಿಸಬೇಕು.

ಕೊಂಡ ಕುದುರೆಗಳನ್ನು ಲಾಯಕ್ಕೆ ತರುತ್ತಿದ್ದರು. ದಪ್ಪನೆಯ ಹುಲ್ಲಿನ ಹಾಸು, ನೆರಳು, ಬೇಕಾದಷ್ಟು ನೀರು. ವರ್ಷಗಟ್ಟಲೆ ಗಟ್ಟಿ ನೆಲದ ಮೇಲೆ ನಿಂತೇ ಕಳೆದ ಪ್ರಾಣಿಗಳು ಅವು. ಕೆಲವಕ್ಕೆ ಕೆಲವು ದಿನದ ಆರೈಕೆ ಸಿಗುತ್ತಿತ್ತು, ತೀರಾ ನೋವಿನಲ್ಲಿದ್ದವನ್ನು ಕಾಯಿಸುವುದೇ ಹಿಂಸೆಯಾಗುತ್ತಿತ್ತು. ಬಹುತೇಕ ಕುದುರೆಗಳಿಗೆ ಕೊನೆಗೆ ಸಾವೇ ಸಿಕ್ಕಿತು, ಆದರೆ ಅದು ನೋವಿಲ್ಲದ ಸಾವು.

ಇದನ್ನು ಓದುವಾಗ ನಮಗೆ ಮುಜುಗರ ಆಗುತ್ತೆ. ಉಳಿಸೋಕೆ ಅಂತ ಕೊಂಡು ಕೊಲ್ಲೋದಾ? ಒಂದು ದೊಡ್ಡ ಗೋಶಾಲೆಯ ಥರ ಜಾಗ ಮಾಡಿ ಇಟ್ಟುಕೊಳ್ಳಬಹುದಿತ್ತಲ್ಲ? ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮತ್ತೆ ಲೆಕ್ಕಕ್ಕೇ ಬರಬೇಕು. ಒಂದು ಕುದುರೆಗೆ ದಿನಕ್ಕೆ ಏನಿಲ್ಲ ಅಂದರೂ 30 ಲೀಟರಿನ ಆಸುಪಾಸು ನೀರು ಬೇಕು, ಬಿಸಿಲಿನ ದೇಶದಲ್ಲಿ ಇನ್ನೂ ಹೆಚ್ಚು. ಮೇವು, ಜಾಗ, ಆಳು, ವೈದ್ಯರು ಬೇರೆ. ಮುದಿ ಕುದುರೆಯ ಖರ್ಚು ಚಿಕ್ಕ ಕುದುರೆಗಿಂತ ಕಡಿಮೆ ಇರಲ್ಲ, ಜಾಸ್ತಿಯೇ. ಹಲ್ಲು ಸವೆದು ಹೋಗಿರುತ್ತೆ, ಹುಲ್ಲು ಅಗಿಯಲಾಗಲ್ಲ, ಮೆತ್ತಗಿನ ಮೇವು ಬೇಕು. ನೂರು ಕುದುರೆಗಳನ್ನು ಕೂರಿಸಿ ಸಾಕುವ ದುಡ್ಡು ಇಲ್ಲಿ ಖರ್ಚಾದರೆ, ಸಾವಿರಾರು ಕುದುರೆಗಳು ಕ್ವಾರಿಯಲ್ಲೇ ಉಳಿಯುತ್ತವೆ. ಅದಕ್ಕಿಂತ ದೊಡ್ಡ ಮಾತು, ಮುರಿದ ಕೀಲು, ಕೊಳೆತ ಗೊರಸು ಇರೋ ಪ್ರಾಣಿಗೆ ಇನ್ನೊಂದು ವರ್ಷ ಬದುಕು ಕೊಡೋದು ಅಂದ್ರೆ ಇನ್ನೊಂದು ವರ್ಷ ನೋವು ಕೊಡೋದು. ಯಾರ ಸಮಾಧಾನಕ್ಕೆ ಅದು? ನಮ್ಮ ಸಮಾಧಾನಕ್ಕೆ.

ಡೊರೊತಿ ತಮ್ಮ ಸಮಾಧಾನವನ್ನು ಪಕ್ಕಕ್ಕಿಟ್ಟರು. ಪ್ರತಿ ಕುದುರೆಯನ್ನೂ ನೋಡಿ ತೀರ್ಮಾನಿಸಬೇಕಿತ್ತು. ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. ಭಾಗಾಕಾರ ಮಾಡಿ ನೋಡಿ: ಒಂದು ದಿನವೂ ಬಿಡದೆ, ದಿನಕ್ಕೆ ನಾಲ್ಕೂವರೆ ಕುದುರೆ. ಕುದುರೆಗಳನ್ನು ಪ್ರೀತಿಸುವ ಒಬ್ಬ ವ್ಯಕ್ತಿ ಈ ಕೆಲಸವನ್ನು ಅಷ್ಟು ದಿನ ಹೇಗೆ ಮಾಡಿದರು ಅನ್ನೋದನ್ನು ಯೋಚಿಸಿದರೆ ಗಂಟಲು ಕಟ್ಟುತ್ತೆ.

ಖರೀದಿಯಿಂದ ಆಸ್ಪತ್ರೆಗೆ

ಯುದ್ಧದ ಕುದುರೆಗಳ ಸಮಸ್ಯೆಗೆ ಒಂದು ಗುಣ ಇತ್ತು. ಅದು ಫೈನೈಟ್ ಸೆಟ್. 1918ರ ನಂತರ ಹೊಸ ಯುದ್ಧಕುದುರೆಗಳು ಆ ಗುಂಪಿಗೆ ಸೇರುವಂತಿರಲಿಲ್ಲ. ಇದ್ದವನ್ನು ಒಂದೊಂದಾಗಿ ಕೊಂಡರೆ ಒಂದು ದಿನ ಸಂಖ್ಯೆ ಸೊನ್ನೆಗೆ ಬರಲೇಬೇಕು. ಹಾಗೇ ಬಂತು ಕೂಡ.

ಇಷ್ಟಕ್ಕೇ ಡೊರೊತಿ ನಿಲ್ಲಿಸಬಹುದಿತ್ತು. ಪತ್ರದಲ್ಲಿ ಕೇಳಿದ್ದು ಇಷ್ಟೇ, ಮಾಡಿದ್ದೂ ಅಷ್ಟೇ. ಆದರೆ ಈ ಮೂರು ವರ್ಷ ಬೀದಿ ಸುತ್ತಿದ ಕಣ್ಣಿಗೆ ಬಾಣದ ಗುರುತಿಲ್ಲದ ಪ್ರಾಣಿಗಳೂ ಕಾಣುತ್ತಿದ್ದವು. ಸ್ಥಳೀಯ ಕುದುರೆಗಳು, ಕತ್ತೆಗಳು, ಹೇಸರಗತ್ತೆಗಳು. ಅವು ಯಾವ ಯುದ್ಧದಲ್ಲೂ ಹೋರಾಡಿರಲಿಲ್ಲ, ಅವುಗಳಿಗಾಗಿ ಲಂಡನ್ನಿನಲ್ಲಿ ಯಾರೂ ಕಣ್ಣೀರು ಹಾಕ್ತಿರಲಿಲ್ಲ. ಹಸಿವು, ಗಾಯ, ಬಿಸಿಲು ಮಾತ್ರ ಅವುಗಳಿಗೂ ಅಷ್ಟೇ.

ಇವನ್ನೂ ಕೊಂಡುಬಿಡೋಣ ಅಂದ್ರೆ ಆಗಲ್ಲ. ಯಾಕೆ ಅಂತ ಯೋಚಿಸಿ. ಗಾಡಿಯವನ ಹತ್ತಿರ ಸೊರಗಿದ ಕತ್ತೆಯನ್ನು ನೀವು ಬೆಲೆ ಕೊಟ್ಟು ಕೊಂಡರೆ ಆ ದುಡ್ಡಲ್ಲಿ ಅವನು ಇನ್ನೊಂದು ಕತ್ತೆ ತರ್ತಾನೆ. ತರಲೇಬೇಕು, ಹೊಟ್ಟೆಪಾಡು. ಅದೇ ಗಾಡಿ, ಅದೇ ಹಗ್ಗ, ಅದೇ ಭಾರ. ಎರಡು ವರ್ಷದಲ್ಲಿ ಅದೂ ಹಾಗೇ ಆಗುತ್ತೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದರೆ ನಿಲ್ಲದ ಲೂಪ್. ದಾನದ ದುಡ್ಡು ಎಷ್ಟಿದ್ದರೂ ಅದರಲ್ಲಿ ಸುರಿದುಹೋಗುತ್ತೆ. ಪ್ರಾಣಿಯನ್ನು ಮಾಲೀಕನಿಂದ ಬಿಡಿಸಿದರೆ ಆಗಲ್ಲ, ಮಾಲೀಕನ ಕೈಯಲ್ಲಿ ಇರುವಾಗಲೇ ಪ್ರಾಣಿ ಚೆನ್ನಾಗಿರಬೇಕು.

1934ರಲ್ಲಿ ಕೈರೋದಲ್ಲಿ ಡೊರೊತಿ ಒಂದು ಆಸ್ಪತ್ರೆ ಶುರು ಮಾಡಿದರು. ಹಳೆಯ ಯುದ್ಧಕುದುರೆಗಳ ನೆನಪಿನಲ್ಲಿ ಅದಕ್ಕೆ ಓಲ್ಡ್ ವಾರ್ ಹಾರ್ಸ್ ಮೆಮೋರಿಯಲ್ ಹಾಸ್ಪಿಟಲ್ ಅಂತ ಹೆಸರು. ಸತ್ತವರ ಹೆಸರಿನಲ್ಲಿ ಕಲ್ಲು ನಿಲ್ಲಿಸೋದರ ಬದಲು ಬದುಕಿರುವವರಿಗೆ ಚಿಕಿತ್ಸೆ. ಆ ಊರಿನ ದುಡಿಯುವ ಕುದುರೆ, ಕತ್ತೆಗಳಿಗೆ ಅಲ್ಲಿ ಎಲ್ಲವೂ ಉಚಿತ.

ಉಚಿತ ಅನ್ನೋದು ಇಲ್ಲಿ ಬರೀ ಧಾರಾಳತನ ಅಂದುಕೊಳ್ಳಬೇಡಿ. ಚಿಕಿತ್ಸೆಗೆ ದುಡ್ಡು ಕೇಳಿದರೆ ಮಾಲೀಕ ಪ್ರಾಣಿ ನೆಲಕ್ಕೆ ಬೀಳೋವರೆಗೂ ಕಾಯ್ತಾನೆ. ಉಚಿತ ಅಂದ್ರೆ ಗಾಯ ಸಣ್ಣದಿದ್ದಾಗಲೇ ಕರ್ಕೊಂಡು ಬರ್ತಾನೆ. ಸಣ್ಣ ಗಾಯಕ್ಕೆ ಖರ್ಚೂ ಸಣ್ಣದು. ಮೇಂಟೆನೆನ್ಸ್ ಬಗ್ಗೆ ಕ್ಲಾಸಿನಲ್ಲಿ ಕಲಿಯೋದೂ ಇದನ್ನೇ ಅಲ್ವಾ? ಕೆಟ್ಟ ಮೇಲೆ ರಿಪೇರಿ ಮಾಡೋದಕ್ಕಿಂತ ಕೆಡದ ಹಾಗೆ ನೋಡ್ಕೊಳ್ಳೋದು ಅಗ್ಗ.

ಸಣ್ಣ ಸಣ್ಣ ವಿಷಯಗಳು

ದುಡಿಯುವ ಕುದುರೆಯನ್ನು ಹಾಳು ಮಾಡೋದು ಯಾವಾಗಲೂ ದೊಡ್ಡ ರೋಗವೇ ಆಗಿರಬೇಕಿಲ್ಲ. ಮೈಮೇಲೆ ಬಿಗಿಯುವ ಪಟ್ಟಿಯನ್ನೇ ತಗೊಳ್ಳಿ. ಒತ್ತಡ ಅಂದ್ರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು, ಪಿಯುಸಿಯಲ್ಲೇ ಓದಿದ್ದೀವಿ. ಅಗಲವಾದ, ಮೆತ್ತೆ ಹಾಕಿದ ಪಟ್ಟಿಯ ಜಾಗದಲ್ಲಿ ತೆಳು ಹಗ್ಗವೋ ತಂತಿಯೋ ಇದ್ದರೆ ಅದೇ ಭಾರ ಚರ್ಮವನ್ನು ಕೊಯ್ಯುತ್ತೆ. ಗಾಯದ ಮೇಲೇ ಮರುದಿನ ಮತ್ತೆ ಹಗ್ಗ ಬೀಳುತ್ತೆ. ಹಳೆಯ ಬಟ್ಟೆಯನ್ನು ಮಡಚಿ ಮೆತ್ತೆ ಮಾಡಿ ಕಟ್ಟಿದರೆ ಎಷ್ಟೋ ವಾಸಿ. ಖರ್ಚು ಏನೂ ಇಲ್ಲ, ಆದರೆ ಯಾರಾದರೂ ಹೇಳಿಕೊಡಬೇಕು.

ಗೊರಸು ನಮ್ಮ ಉಗುರಿನ ಥರ ಬೆಳೀತಾನೇ ಇರುತ್ತೆ. ಆರರಿಂದ ಎಂಟು ವಾರಕ್ಕೊಮ್ಮೆ ಅದನ್ನು ಸರಿಯಾಗಿ ಕತ್ತರಿಸಿ ಲಾಳ ಹೊಡೆಯದಿದ್ದರೆ ಕಾಲಿನ ಕೋನವೇ ಬದಲಾಗಿ ಕೀಲುಗಳ ಮೇಲೆ ಭಾರ ಬೀಳುತ್ತೆ. ಹಲ್ಲುಗಳು ಏರುಪೇರಾಗಿ ಸವೆದು ಅಂಚು ಚೂಪಾದರೆ ಕೆನ್ನೆಯ ಒಳಭಾಗ ಗಾಯವಾಗಿ, ಮೇವು ಎದುರಿಗಿದ್ದರೂ ಕುದುರೆ ತಿನ್ನಲ್ಲ. ನೋಡಿದವರು ಮಾಲೀಕ ಮೇವು ಹಾಕ್ತಿಲ್ಲ ಅಂದುಕೊಳ್ತಾರೆ. ಅರ ಹಿಡಿದು ಉಜ್ಜಿದರೆ ಸರಿಹೋಗುವ ವಿಷಯ. ಕಡೆಗೆ ನೀರು. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ನೀರಿನ ತೊಟ್ಟಿ ಸಿಕ್ಕರೆ ಅದೇ ದೊಡ್ಡ ಔಷಧಿ.

ದಾನದ ದುಡ್ಡು ಹೋಗಬೇಕಾದ್ದು ಇಂಥ ಕಡೆ. ಮೆತ್ತೆ, ಲಾಳ, ಅರ, ನೀರು, ವೈದ್ಯರ ಸಂಬಳ. ಇದರಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ.

ಆಮೇಲೆ

ಗಂಡನ ಈಜಿಪ್ಟ್ ಪೋಸ್ಟಿಂಗ್ ಮುಗಿದ ಮೇಲೂ ಡೊರೊತಿ ಆಸ್ಪತ್ರೆಯ ಕೈ ಬಿಡಲಿಲ್ಲ. ಉಳಿದ ಬದುಕಿನುದ್ದಕ್ಕೂ ಅದರ ಜೊತೆಗಿದ್ದರು. ಎರಡನೇ ಮಹಾಯುದ್ಧ ಬಂತು, ಹೋಯಿತು. ಅಷ್ಟು ಹೊತ್ತಿಗೆ ಸೇನೆಗಳು ಕುದುರೆಯಿಂದ ಮೋಟಾರಿಗೆ ಬದಲಾಗಿದ್ದವು. ಬಡವರ ಗಾಡಿಗಳು ಮಾತ್ರ ಬದಲಾಗಿರಲಿಲ್ಲ. 1955ರಲ್ಲಿ ಡೊರೊತಿ ಈಜಿಪ್ಟಿನಲ್ಲೇ ತೀರಿಕೊಂಡರು. ಕೈರೋದಲ್ಲೇ ಅವರನ್ನು ಮಣ್ಣು ಮಾಡಿದರು.

ಮರುವರ್ಷವೇ, 1956ರಲ್ಲಿ, ಸೂಯೆಜ್ ಕಾಲುವೆಯ ವಿಷಯದಲ್ಲಿ ಬ್ರಿಟನ್ ಮತ್ತು ಈಜಿಪ್ಟ್ ನಡುವೆ ಯುದ್ಧವೇ ಆಗಿಹೋಯಿತು. ಬ್ರಿಟಿಷರು ಕಟ್ಟಿದ್ದು ಅನ್ನೋ ಕಾರಣಕ್ಕೇ ಆಸ್ಪತ್ರೆ ಮುಚ್ಚಿಹೋಗಬಹುದಿತ್ತು. ಮುಚ್ಚಲಿಲ್ಲ. ಅಷ್ಟು ಹೊತ್ತಿಗೆ ಅದು ಆ ಊರಿನ ಗಾಡಿಯವರ ಆಸ್ಪತ್ರೆ ಆಗಿತ್ತು, ಅಲ್ಲಿ ಚಿಕಿತ್ಸೆ ಕೊಡುತ್ತಿದ್ದವರೂ ಈಜಿಪ್ಟಿನವರೇ. ಡೊರೊತಿ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ ಅನ್ಸುತ್ತೆ.

ಈಗ ಬ್ರೂಕ್ ಅನ್ನೋ ಹೆಸರಿನಲ್ಲಿ ಆ ಸಂಸ್ಥೆ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿದೆ. ಭಾರತದಲ್ಲೂ ಇದೆ. ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ಇಟ್ಟಿಗೆ ಹೊರುವ ಕುದುರೆ, ಕತ್ತೆ, ಹೇಸರಗತ್ತೆಗಳ ನಡುವೆ ಅವರು ಕೆಲಸ ಮಾಡ್ತಾರೆ. ನಾವು ಸಿವಿಲ್ ಲ್ಯಾಬ್‌ನಲ್ಲಿ ಇಟ್ಟಿಗೆಯ ಕಂಪ್ರೆಸಿವ್ ಸ್ಟ್ರೆಂತ್ ಅಳೆಯುತ್ತೀವಿ. ಆ ಇಟ್ಟಿಗೆಯನ್ನು ಗೂಡಿನ ತನಕ ಹೊತ್ತದ್ದು ಯಾರು ಅಂತ ಯಾವ ಟೇಬಲ್‌ನಲ್ಲೂ ಬರೆದಿರಲ್ಲ.

ನಮಗೆ ಉಳಿಯುವ ಲೆಕ್ಕ

ನಾವು ಓದೋ ಹುಡುಗರು, ಜೇಬಿನಲ್ಲಿ ಇರೋದು ಮೆಸ್ ಬಿಲ್‌ಗೆ ಸಾಲದಷ್ಟು. ಆದರೂ ಫೆಸ್ಟ್ ಟೈಮಲ್ಲಿ ಸ್ಟಾಲ್ ಹಾಕಿ ಯಾವುದಾದರೂ ಪ್ರಾಣಿಗಳ ಆಶ್ರಯಕ್ಕೆ ದುಡ್ಡು ಕೂಡಿಸ್ತೀವಿ, ಯಾರೋ ಕಳಿಸಿದ ಕ್ಯೂಆರ್ ಕೋಡ್‌ಗೆ ಐವತ್ತು ರೂಪಾಯಿ ಹಾಕ್ತೀವಿ. ಹಾಕೋದು ಒಳ್ಳೆಯದೇ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಆಗದ ಹಾಗೆ ನೋಡ್ಕೊಳ್ಳೋಕೆ ಡೊರೊತಿ ಬದುಕಿನಿಂದ ಮೂರು ಪ್ರಶ್ನೆ ಕಲೀಬಹುದು.

ಒಂದು, ದುಡ್ಡು ಕೇಳೋರು ಕಷ್ಟದ ಸತ್ಯವನ್ನೂ ಹೇಳ್ತಿದ್ದಾರಾ? ಪ್ರತಿ ಪ್ರಾಣಿಯೂ ಉಳಿಯುತ್ತೆ ಅಂತ ಹೇಳೋರಿಗಿಂತ, ಉಳಿಯದ ಪ್ರಾಣಿಗೆ ಏನು ಮಾಡ್ತೀವಿ ಅಂತ ಹೇಳೋರನ್ನು ನಂಬಬಹುದು. ಎರಡು, ಕಾಪಾಡಿದ ದಿನದ ಖರ್ಚಿನ ಜೊತೆ ಮರುದಿನದ್ದು, ಮುಂದಿನ ತಿಂಗಳಿನದ್ದು ಯಾರು ನೋಡ್ಕೊಳ್ತಾರೆ? ಕುದುರೆ ಇನ್ನೂ ಹತ್ತು ವರ್ಷ ಬದುಕಬಹುದು, ನಮ್ಮ ಉತ್ಸಾಹ ಒಂದು ಸೆಮಿಸ್ಟರ್ ಇರುತ್ತೆ. ಒಂದೇ ಸಲ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ಲಾಯ ನಡೆಸೋರಿಗೆ ಹೆಚ್ಚು ಉಪಯೋಗ. ಮೂರು, ಆ ಪ್ರಾಣಿಯ ಹಿಂದೆ ಇರೋ ಮನುಷ್ಯನಿಗೆ ಇದರಲ್ಲಿ ಏನು ಜಾಗ ಇದೆ? ಅವನನ್ನು ಬರೀ ವಿಲನ್ ಮಾಡಿದರೆ ನಾಳೆ ಅವನ ಗಾಡಿಗೆ ಇನ್ನೊಂದು ಕುದುರೆ ಬರುತ್ತೆ.

ಮೂರನೆಯ ಪ್ರಶ್ನೆ ನಮ್ಮೂರಿಗೂ ಹೊಂದುತ್ತೆ. ಮೈಸೂರಿನಲ್ಲಿ ಇವತ್ತಿಗೂ ಟಾಂಗಾ ಓಡುತ್ತೆ. ಕುದುರೆ ಸೊರಗಿದ್ದರೆ ವಿಡಿಯೋ ಮಾಡಿ ಹಾಕೋದು ಸುಲಭ. ಟಾಂಗಾದವರ ಹತ್ತಿರ ನಿಂತು, ಅಣ್ಣಾ, ಲಾಳ ಹೊಡೆಸಿ ಎಷ್ಟು ದಿನ ಆಯ್ತು, ಮಧ್ಯಾಹ್ನ ನೀರು ಎಲ್ಲಿ ಸಿಗುತ್ತೆ ಅಂತ ಕೇಳೋದು ಸ್ವಲ್ಪ ಕಷ್ಟ. ಡೊರೊತಿ ಆರಿಸಿಕೊಂಡದ್ದು ಆ ಕಷ್ಟದ ದಾರಿಯನ್ನು.

ಐದು ಸಾವಿರ ಕುದುರೆಗಳಲ್ಲಿ ಬಹುತೇಕ ಯಾವುದನ್ನೂ ಅವರು ಬದುಕಿಸಲಿಲ್ಲ. ಆ ಕುದುರೆಗಳ ಹೆಸರಿನಲ್ಲಿ ಬಂದ ದುಡ್ಡಿನಿಂದ ಶುರುವಾದ ಆಸ್ಪತ್ರೆ ಮಾತ್ರ ಇವತ್ತೂ ಕೈರೋದಲ್ಲಿ ಬಾಗಿಲು ತೆರೆದಿದೆ. ಗಾಡಿಯವರು ತಮ್ಮ ಕತ್ತೆ, ಕುದುರೆಗಳನ್ನು ಹಿಡ್ಕೊಂಡು ಅಲ್ಲಿಗೆ ಬರ್ತಾರೆ.